ಇಟಲಿಯ ಹೋಟೆಲಿನಲ್ಲಿ ‘ಇದು ನಾವು ತಿನ್ನಲ್ಲ’ ಅಂತ ಹೇಳುವುದು ಹೇಗೆ?

ಬೊಲೋನ್ಯಾದ ಒಂದು ಚಿಕ್ಕ ಊಟದ ಹೋಟೆಲು. ಮಧ್ಯಾಹ್ನ ಒಂದು ಗಂಟೆ. ‘ನಾವು ಸಸ್ಯಾಹಾರಿಗಳು’ ಅನ್ನುವುದನ್ನು ಇಟಾಲಿಯನ್ನಿನಲ್ಲಿ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಹೇಳಿದೆ. ಬಡಿಸುವವರು ತಲೆಯಾಡಿಸಿ ಒಳಗೆ ಹೋದರು. ಟೊಮೆಟೊ ಸಾಸಿನ ತಲ್ಯತೆಲ್ಲೆ ಬಂತು, ರಿಬ್ಬನ್ನಿನ ಹಾಗೆ ಅಗಲವಾದ ಪಾಸ್ತಾ. ಅಮ್ಮ ಎರಡು ತುತ್ತು ತಿಂದು, ಫೋರ್ಕಿನಲ್ಲಿ ಒಂದು ಎಳೆ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ‘ಇದ್ಯಾಕೆ ಇಷ್ಟು ಹಳದಿ? ಅರಿಶಿನ ಹಾಕ್ತಾರಾ ಇವರು?’ ಅಂದರು. ನಾನು ಹೋಗಿ ಕೇಳಿದೆ. ‘ವೋವಾ’ ಅಂದರು. ಮೊಟ್ಟೆ. ಅಮ್ಮ ತಟ್ಟೆಯನ್ನು ಮೆಲ್ಲಗೆ ಸರಿಸಿ ನೀರು ಕುಡಿದರು. ಸಂಜೆವರೆಗೂ ಹೆಚ್ಚು ಮಾತಾಡಲಿಲ್ಲ.

ಬಡಿಸಿದವರ ತಪ್ಪು ಇದರಲ್ಲಿ ಏನೂ ಇಲ್ಲ. ಆ ಸೀಮೆಯಲ್ಲಿ ತಾಜಾ ಪಾಸ್ತಾಕ್ಕೆ ನೂರು ಗ್ರಾಂ ಹಿಟ್ಟಿಗೆ ಒಂದು ಮೊಟ್ಟೆ ಅನ್ನುವುದು ಅಜ್ಜಿಯರ ಕಾಲದ ಲೆಕ್ಕ. ನಮ್ಮಲ್ಲಿ ಪೊಟ್ಟಣದ ಮೇಲೆ ಹಸಿರು ಚುಕ್ಕಿ ಇದ್ದರೆ ಮೊಟ್ಟೆ ಇಲ್ಲ ಅಂತ ಅರ್ಥ. ಇಟಲಿಯಲ್ಲಿ ಸಸ್ಯಾಹಾರಿ ಅಂದರೆ ಮಾಂಸ, ಮೀನು ತಿನ್ನದವರು, ಅಷ್ಟೇ. ಮೊಟ್ಟೆ ಆ ಮಾತಿನೊಳಗೆ ಸೇರಿಯೇ ಇದೆ.

ಆ ಪ್ರವಾಸದಲ್ಲಿ ನಾನು ಕಲಿತದ್ದು ಇಷ್ಟು: ‘ನಾನು ಸಸ್ಯಾಹಾರಿ’, ‘ನಾನು ಜೈನ’, ‘ನನಗೆ ಪಥ್ಯ’ ಅನ್ನುವ ಹೆಸರುಗಳು ಗಡಿ ದಾಟುವಾಗ ಅರ್ಥ ಬದಲಿಸುತ್ತವೆ. ಮೊಟ್ಟೆ, ಹಂದಿಕೊಬ್ಬು, ಬೆಳ್ಳುಳ್ಳಿ ಅನ್ನುವ ಪದಾರ್ಥದ ಹೆಸರುಗಳು ಬದಲಿಸುವುದಿಲ್ಲ. ಆದ್ದರಿಂದ ತಿನ್ನದ ಪದಾರ್ಥವನ್ನು ಒಂದೊಂದಾಗಿ ಹೆಸರಿಸಿ ಹೇಳಬೇಕು. ಅದು ಹೇಗೆ ಅಂತ ಕೆಳಗೆ ಬರೆದಿದ್ದೇನೆ.

ಮೊದಲು ಮನೆಯಲ್ಲೇ ಗೆರೆ ಎಳೆದುಕೊಳ್ಳಿ

ವಿಮಾನ ಹತ್ತುವ ಮೊದಲೇ ಮನೆಯವರೆಲ್ಲ ಕೂತು ಒಂದು ಮಾತು ಆಡಿಕೊಳ್ಳಿ. ಮೊಟ್ಟೆ ಆಗುತ್ತಾ? ಕೇಕು, ಬಿಸ್ಕತ್ತಿನೊಳಗೆ ಇದ್ದರೆ? ಮಾಂಸ ಬೇಯಿಸಿದ ನೀರಿನಲ್ಲಿ ಮಾಡಿದ ಸೂಪು? ಅಡುಗೆಗೆ ಹಾಕಿ ಇಂಗಿಸಿದ ವೈನು? ಮೀನು ಕರಿದ ಎಣ್ಣೆಯಲ್ಲೇ ಕರಿದ ಆಲೂಗಡ್ಡೆ? ಕರುವಿನ ಹೊಟ್ಟೆಯ ಕಿಣ್ವದಿಂದ ಹೆಪ್ಪುಗಟ್ಟಿಸಿದ ಚೀಸು?

ಕೊನೆಯ ಪ್ರಶ್ನೆ ಹಲವರಿಗೆ ಹೊಸದು. ಪಾರ್ಮಿಜಾನೊ ರೆಜ್ಜಾನೊ ಚೀಸನ್ನು ನಿಯಮದ ಪ್ರಕಾರ ಕರುವಿನ ಹೊಟ್ಟೆಯಿಂದ ತೆಗೆದ ಕಿಣ್ವದಿಂದಲೇ ಮಾಡಬೇಕು. ಪೆಕೊರೀನೊ ರೊಮಾನೊಗೆ ಕುರಿಮರಿಯ ಹೊಟ್ಟೆಯದು. ಇದಕ್ಕೆ ಇಟಾಲಿಯನ್ನಿನಲ್ಲಿ ‘ಕಾಲ್ಯೊ’ ಅನ್ನುತ್ತಾರೆ. ಗ್ರಾನಾ ಪದಾನೊದಲ್ಲಿ ಇದರ ಜೊತೆಗೆ ಮೊಟ್ಟೆಯ ಬಿಳಿಭಾಗದಿಂದ ತೆಗೆದ ಲಿಸೋಜಿಮಾ ಅನ್ನುವ ಪದಾರ್ಥವೂ ಸಾಮಾನ್ಯವಾಗಿ ಇರುತ್ತದೆ. ಚೀಸಿನ ವಿಷಯದಲ್ಲಿ ಎಲ್ಲಿ ನಿಲ್ಲಬೇಕು ಅನ್ನುವುದು ನಿಮ್ಮ ಮನಸ್ಸಿಗೆ ಬಿಟ್ಟದ್ದು. ನಮ್ಮ ಮನೆಯಲ್ಲೇ ಅಮ್ಮ ಒಂದು ಕಡೆ, ನಾನು ಇನ್ನೊಂದು ಕಡೆ. ಆದರೆ ಆ ತೀರ್ಮಾನವನ್ನು ಹೋಟೆಲಿನ ಟೇಬಲ್ ಮುಂದೆ, ಹಸಿದ ಹೊಟ್ಟೆಯಲ್ಲಿ ಮಾಡಲು ಹೋಗಬೇಡಿ. ಕಾಲ್ಯೊ ಬೇಡ ಅನ್ನುವವರಿಗೆ ಮಸ್ಕರ್ಪೋನೆ ಆಗುತ್ತದೆ, ಅದನ್ನು ಹುಳಿ ಹಾಕಿ ಒಡೆಸುತ್ತಾರೆ. ಅಂಗಡಿಯಲ್ಲಿ ಚೀಸು ಕೊಳ್ಳುವಾಗ ‘ಕಾಲ್ಯೊ ವೆಜೆತಾಲೆ’ ಅಥವಾ ‘ಕಾಲ್ಯೊ ಮಿಕ್ರೋಬಿಕೊ’ ಅಂತ ಬರೆದಿದೆಯಾ ನೋಡಿ.

ಉಚ್ಚಾರ: ಕನ್ನಡದವರಿಗೆ ಇದು ಸುಲಭ

ಇಟಾಲಿಯನ್ ಪದಗಳು ಬಹುಪಾಲು ಸ್ವರದಲ್ಲೇ ಮುಗಿಯುತ್ತವೆ, ನಮ್ಮ ಅಕ್ಕ, ಅಣ್ಣ, ಮನೆ, ಮಳೆಯ ಹಾಗೆ. ತ, ದ ಅಕ್ಷರಗಳು ನಮ್ಮ ತ, ದ ಗಳೇ, ಇಂಗ್ಲಿಷಿನ ಟ, ಡ ಅಲ್ಲ. ಒತ್ತಕ್ಷರ ಇದ್ದರೆ ಒತ್ತಿಯೇ ಹೇಳಬೇಕು. ಇಂಗ್ಲಿಷ್ ಮಾತಾಡುವವರು ಇಲ್ಲೇ ಎಡವುತ್ತಾರೆ. ನಮಗೆ ‘ಹಳಿ’ಗೂ ‘ಹಳ್ಳಿ’ಗೂ ಇರುವ ವ್ಯತ್ಯಾಸ ಹುಟ್ಟಿನಿಂದ ಗೊತ್ತು. ಹಾಗಾಗಿ ಇಲ್ಲಿರುವ ವಾಕ್ಯಗಳನ್ನು ಕನ್ನಡ ಓದಿದ ಹಾಗೇ ಓದಿ. ಅವರಿಗೆ ಅರ್ಥವಾಗುತ್ತದೆ.

ಒಂದು ಜೋಡಿಯಲ್ಲಿ ಮಾತ್ರ ಎಚ್ಚರ ಬೇಕು. ‘ಪೆಶ್ಶೆ’ ಅಂದರೆ ಮೀನು. ‘ಪೆಸ್ಕೆ’ ಅಂದರೆ ಪೀಚ್ ಹಣ್ಣುಗಳು. ‘ಪೆಸ್ಕೆ ತಿನ್ನಲ್ಲ’ ಅಂದುಬಿಟ್ಟರೆ ಹಣ್ಣು ತಪ್ಪಿ ಮೀನು ಬಂದೀತು.

ಇನ್ನೊಂದು ವಿಷಯ. ಹೇಳುವವರು ಗಂಡಸಾದರೆ ಪದ ‘ಒ’ದಲ್ಲಿ ಮುಗಿಯುತ್ತದೆ, ಹೆಂಗಸಾದರೆ ‘ಆ’ದಲ್ಲಿ. ವೆಜೆತರ್ಯಾನೊ, ವೆಜೆತರ್ಯಾನಾ. ಇಡೀ ಕುಟುಂಬದ ಪರವಾಗಿ ಹೇಳುವಾಗ ‘ಸ್ಯಾಮೊ ವೆಜೆತರ್ಯಾನಿ’, ನಾವೆಲ್ಲ ಸಸ್ಯಾಹಾರಿಗಳು. ತಪ್ಪಾದರೂ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಒಂದು ಚೀಟಿ ಬರೆದಿಟ್ಟುಕೊಳ್ಳಿ

ಬಾಯಲ್ಲಿ ಹೇಳಿದ್ದು ಬಡಿಸುವವರಿಗೆ ಮಾತ್ರ ತಲುಪುತ್ತದೆ. ಚೀಟಿ ಅಡುಗೆಮನೆವರೆಗೂ ಹೋಗುತ್ತದೆ. ಅಂಗೈ ಅಗಲದ ದಪ್ಪ ಕಾಗದದಲ್ಲಿ, ದೊಡ್ಡ ಅಕ್ಷರದಲ್ಲಿ, ನಾಲ್ಕೇ ಸಾಲು ಸಾಕು. ಉಚ್ಚಾರಕ್ಕೆ ಅನುಕೂಲವಾಗಲಿ ಅಂತ ನಾನು ಇಲ್ಲಿ ಕನ್ನಡದಲ್ಲಿ ಕೊಟ್ಟಿದ್ದೇನೆ. ತೋರಿಸುವ ಚೀಟಿಯನ್ನು ಅವರ ಲಿಪಿಯಲ್ಲೇ ಬರೆಸಿ, ಹಿಂದುಗಡೆ ಕನ್ನಡದಲ್ಲಿ ಉಚ್ಚಾರ ಬರೆದಿಡಿ. ಫೋನಿನ ಅನುವಾದದ ಆ್ಯಪ್ ಬಳಸಿದರೆ, ಬಂದ ಇಟಾಲಿಯನ್ನನ್ನು ತಿರುಗಿ ಕನ್ನಡಕ್ಕೆ ಹಾಕಿ ನೋಡಿ. ಅರ್ಥ ಎಲ್ಲಾದರೂ ಜಾರಿದ್ದರೆ ಗೊತ್ತಾಗುತ್ತದೆ.

ಮೊಟ್ಟೆ ತಿನ್ನದ ಸಸ್ಯಾಹಾರಿಗೆ ಚೀಟಿ ಹೀಗಿರಲಿ:

ಸೊನೊ ವೆಜೆತರ್ಯಾನಾ. (ನಾನು ಸಸ್ಯಾಹಾರಿ.)
ನೋನ್ ಮಾಂಜೊ ನೆ ಕಾರ್ನೆ, ನೆ ಸಲೂಮಿ, ನೆ ಪೆಶ್ಶೆ, ನೆ ವೋವಾ. (ಮಾಂಸ, ಉಪ್ಪು ಹಾಕಿ ಒಣಗಿಸಿದ ಮಾಂಸ, ಮೀನು, ಮೊಟ್ಟೆ ಯಾವುದೂ ತಿನ್ನುವುದಿಲ್ಲ.)
ನ್ಯೆಂತೆ ಬ್ರೋದೊ ದಿ ಕಾರ್ನೆ, ನ್ಯೆಂತೆ ಸ್ತ್ರುತ್ತೊ, ನ್ಯೆಂತೆ ಅಚ್ಚೂಗೆ. (ಮಾಂಸದ ಸಾರು, ಹಂದಿಕೊಬ್ಬು, ಅಂಚೋವಿ ಮೀನು ಬೇಡ.)
ಲತ್ತೆ ಎ ಫೊರ್ಮಜ್ಜೊ ವಾನ್ನೊ ಬೇನೆ. (ಹಾಲು, ಚೀಸು ಆಗುತ್ತದೆ.)

‘ಸಲೂಮಿ’ಯನ್ನು ಬೇರೆಯಾಗಿ ಬರೆದದ್ದಕ್ಕೆ ಕಾರಣ ಇದೆ. ‘ಕಾರ್ನೆ’ ಅಂದಾಗ ಹಲವರ ತಲೆಗೆ ಬರುವುದು ಬೇಯಿಸಿದ ಮಾಂಸದ ತುಂಡು. ಪ್ರೊಶ್ಶೂತ್ತೊ, ಪಾಂಚೆತ್ತಾ, ಸ್ಪೆಕ್ ಇವೆಲ್ಲ ಬೇರೆ ಗುಂಪು, ರುಚಿಗೆ ಉದುರಿಸುವ ಚೂರುಗಳು. ‘ಮಾಂಸ ಬೇಡ’ ಅಂದ ಮೇಲೂ ಬಟಾಣಿಯ ನಡುವೆ ಗುಲಾಬಿ ಬಣ್ಣದ ಚೂರು ಕಾಣುವುದು ಹೀಗೆ.

ಕೊನೆಯ ಸಾಲನ್ನೂ ಬಿಡಬೇಡಿ. ಮೊಟ್ಟೆ ಬೇಡ ಅಂದ ತಕ್ಷಣ ನಿಮ್ಮನ್ನು ವೇಗನ್ ಅಂದುಕೊಂಡು ಬರೀ ಸೊಪ್ಪು ತಂದಿಡಬಹುದು. ಏನು ತಿನ್ನುತ್ತೀರಿ ಅಂತಲೂ ಹೇಳಿದರೆ ಅಡುಗೆಯವರಿಗೆ ಯೋಚಿಸಲು ದಾರಿ ಸಿಗುತ್ತದೆ. ನಿಜವಾಗಿಯೂ ಹಾಲೂ ಬೇಡದವರು ‘ಸೊನೊ ವೆಗಾನಾ’ ಅಥವಾ ‘ವೆಗಾನೊ’ ಅಂದರೆ ಸಾಕು. ಈ ಪದ ಈಗ ದೊಡ್ಡ ಊರುಗಳಲ್ಲಿ ಎಲ್ಲರಿಗೂ ಗೊತ್ತು.

ಟೇಬಲ್ ಮುಂದೆ ಮಾತು ಹೇಗೆ ಶುರು ಮಾಡಬೇಕು

ಒಳಗೆ ಕಾಲಿಟ್ಟ ಕೂಡಲೇ ‘ಬ್ವೊನ್‌ಜೋರ್ನೊ’, ಸಂಜೆಯಾದರೆ ‘ಬ್ವೊನಸೇರಾ’. ನಮಸ್ಕಾರ ಹೇಳದೆ ಬೇಡಿಕೆ ಇಡುವುದು ಅಲ್ಲಿ ಒರಟಾಗಿ ಕಾಣುತ್ತದೆ. ಕರೆಯುವಾಗ ‘ಸ್ಕೂಜಿ’ ಅನ್ನಿ, ‘ಸ್ವಲ್ಪ ಕೇಳಿ’ ಅಂದ ಹಾಗೆ.

ಆರ್ಡರ್ ಕೊಟ್ಟಾದ ಮೇಲೆ ಚೀಟಿ ತೆಗೆಯಬೇಡಿ. ಮೆನು ಕೈಗೆ ಬರುವಾಗಲೇ ತೋರಿಸಿ. ಆಮೇಲೆ ನನಗೆ ಅತಿ ಹೆಚ್ಚು ಸಹಾಯ ಮಾಡಿದ ವಾಕ್ಯ ಇದು:

ಪ್ವೊ ಕ್ಯೇದೆರೆ ಇನ್ ಕುಚೀನಾ, ಪೆರ್ ಫವೋರೆ? (ದಯವಿಟ್ಟು ಅಡುಗೆಮನೆಯಲ್ಲಿ ಕೇಳಿ ಹೇಳ್ತೀರಾ?)

ಬಡಿಸುವವರಿಗೆ ಎಲ್ಲ ಪದಾರ್ಥ ಗೊತ್ತಿರಬೇಕೆಂದಿಲ್ಲ. ಗೊತ್ತಿಲ್ಲ ಅನ್ನಲು ಸಂಕೋಚಪಟ್ಟು ‘ಇಲ್ಲ, ಇಲ್ಲ’ ಅಂದುಬಿಡುವವರು ನಮ್ಮಲ್ಲಿ ಇರುವ ಹಾಗೆ ಅಲ್ಲೂ ಇದ್ದಾರೆ. ಈ ವಾಕ್ಯ ಅವರಿಗೆ ಒಳಗೆ ಹೋಗಿ ಕೇಳಿ ಬರಲು ಒಂದು ನೆಪ ಕೊಡುತ್ತದೆ.

ಒಂದು ತಟ್ಟೆಯ ಬಗ್ಗೆ ಕೇಳಬೇಕಾದರೆ ಬೆರಳಿಟ್ಟು ತೋರಿಸಿ: ‘ಚೆ ಕಾರ್ನೆ ಇನ್ ಕ್ವೆಸ್ತೊ ಪ್ಯತ್ತೊ?’ ಇದರಲ್ಲಿ ಮಾಂಸ ಇದೆಯಾ? ಕಾರ್ನೆ ಇರುವ ಜಾಗದಲ್ಲಿ ಬೇರೆ ಪದ ಹಾಕಿಕೊಂಡರೆ ಆಯಿತು. ಏನಾದರೂ ತೆಗೆಸಬೇಕಾದರೆ ‘ಸೆಂತ್ಸಾ’ ಸೇರಿಸಿ. ಸೆಂತ್ಸಾ ವೋವಾ, ಮೊಟ್ಟೆ ಇಲ್ಲದೆ. ಸೆಂತ್ಸಾ ಫೊರ್ಮಜ್ಜೊ, ಚೀಸು ಇಲ್ಲದೆ. ಇಡೀ ಪ್ರವಾಸಕ್ಕೆ ಒಂದೇ ಪದ ಕಲಿಯುವುದಾದರೆ ಸೆಂತ್ಸಾ ಕಲಿಯಿರಿ.

ಆದರೆ ಎಲ್ಲದರಿಂದಲೂ ಎಲ್ಲವನ್ನೂ ತೆಗೆಯಲು ಬರುವುದಿಲ್ಲ. ಮಾಂಸದ ಸಾಸು ರಗೂ, ಬೇಸಿಲ್ ಎಲೆಯ ಸಾಸು ಪೆಸ್ತೊ, ಬದನೆಕಾಯಿಯ ಪಾರ್ಮಿಜಾನಾ ಇವನ್ನೆಲ್ಲ ಬೆಳಿಗ್ಗೆಯೇ ಮಾಡಿಟ್ಟಿರುತ್ತಾರೆ. ಸಾರಿಗೆ ಬಿದ್ದ ಒಗ್ಗರಣೆಯನ್ನು ವಾಪಸ್ ತೆಗೆಯೋಕಾಗುತ್ತಾ? ಆಗಲೇ ಕಲಸಿ ಬಿಸಿ ಮಾಡಿ ಕೊಡುವ ಪಾಸ್ತಾ, ಪಿತ್ಸಾ, ಸಲಾಡ್ ಇವುಗಳಲ್ಲಿ ಬದಲಾವಣೆ ಕೇಳಬಹುದು.

ಸಾಧ್ಯವಾದರೆ ಹಿಂದಿನ ದಿನವೇ ಹೋಗಿ ಅಥವಾ ಫೋನ್ ಮಾಡಿ ಟೇಬಲ್ ಹಿಡಿಯುವಾಗ ವಿಷಯ ತಿಳಿಸಿ. ಮಧ್ಯಾಹ್ನ ಹನ್ನೆರಡೂವರೆಗೆ, ರಾತ್ರಿ ಏಳೂವರೆಗೆ, ಬಾಗಿಲು ತೆರೆದ ಕೂಡಲೇ ಹೋದರೆ ಅಡುಗೆಯವರಿಗೆ ನಿಮ್ಮ ಮಾತು ಕೇಳಲು ಪುರುಸೊತ್ತು ಇರುತ್ತದೆ. ಶನಿವಾರ ರಾತ್ರಿ ಒಂಬತ್ತಕ್ಕೆ ಉದ್ದನೆ ಚೀಟಿ ಹಿಡಿದು ನಿಂತರೆ ಪಾಪ ಅವರಿಗೂ ಕಷ್ಟ, ನಮಗೂ ಕಷ್ಟ.

ಕಣ್ಣಿಗೆ ಕಾಣದೆ ಸೇರುವ ಪದಾರ್ಥಗಳು

ಮೆನುವಿನಲ್ಲಿ ಬರೆಯದೇ ತಟ್ಟೆಗೆ ಬರುವ ಪದಾರ್ಥಗಳೇ ನಮಗೆ ದೊಡ್ಡ ತೊಂದರೆ. ಯಾರೂ ಮುಚ್ಚಿಡುವುದಿಲ್ಲ. ಅವರಿಗೆ ಅವು ಹೇಳಬೇಕಾದ ಸಂಗತಿಯೇ ಅಲ್ಲ, ನಾವು ಉಪ್ಪು ಹಾಕಿದ್ದೇವೆ ಅಂತ ಹೇಳದ ಹಾಗೆ.

ಮೊದಲನೆಯದು ಬ್ರೋದೊ, ಅಂದರೆ ಬೇಯಿಸಿ ಬಸಿದ ಸಾರು. ರಿಸೊತ್ತೊ ಮಾಡುವಾಗ ಅಕ್ಕಿಗೆ ಸೌಟು ಸೌಟಾಗಿ ಹಾಕುವುದು ಇದನ್ನೇ. ಅಣಬೆ ರಿಸೊತ್ತೊ ಅಂತ ಬರೆದಿದ್ದರೂ ಸಾರು ಕೋಳಿಯದೋ ದನದ್ದೋ ಇರಬಹುದು. ಮಿಲಾನಿನ ಕೇಸರಿ ರಿಸೊತ್ತೊ ನೋಡಲು ನಮ್ಮ ಕೇಸರಿಬಾತಿನ ಬಣ್ಣ. ಆದರೆ ಹಳೆಯ ಕ್ರಮದಲ್ಲಿ ಅದಕ್ಕೆ ಮಾಂಸದ ಸಾರೂ ಮೂಳೆಯೊಳಗಿನ ಮಜ್ಜೆಯೂ ಬೀಳುತ್ತವೆ. ಕೇಳಬೇಕಾದ ಪ್ರಶ್ನೆ: ‘ಇಲ್ ಬ್ರೋದೊ ಎ ವೆಜೆತಾಲೆ?’ ಸಾರು ತರಕಾರಿಯದಾ? ವೈನೂ ಬೇಡದವರು ‘ಸೆಂತ್ಸಾ ವೀನೊ’ ಸೇರಿಸಿ. ರಿಸೊತ್ತೊಗೆ ಬಿಳಿ ವೈನು ಹಾಕುವುದು ರೂಢಿ.

ಮೊಟ್ಟೆಯ ಪಾಸ್ತಾ ಎರಡನೆಯದು. ಒಣ ಪಾಸ್ತಾ ಅಂದರೆ ಸ್ಪಗೆತ್ತಿ, ಪೆನ್ನೆ, ರಿಗತೋನಿ ಇಂಥವು ಗಟ್ಟಿ ಗೋಧಿಯ ರವೆ ಮತ್ತು ನೀರು ಮಾತ್ರ. ತಾಜಾ ಪಾಸ್ತಾದಲ್ಲಿ, ಅದರಲ್ಲೂ ಉತ್ತರ ಮತ್ತು ಮಧ್ಯ ಇಟಲಿಯಲ್ಲಿ, ಮೊಟ್ಟೆ ಇದ್ದೇ ಇರುತ್ತದೆ ಅಂದುಕೊಳ್ಳಿ. ತಲ್ಯತೆಲ್ಲೆ, ಲಜಾನ್ಯೆ, ರವಿಯೋಲಿ, ತೊರ್ತೆಲ್ಲೀನಿ ಎಲ್ಲ ಈ ಗುಂಪು. ದಕ್ಷಿಣದ ಪೂಲ್ಯಾ ಸೀಮೆಯ ಒರೆಕ್ಯೆತ್ತೆ ತಾಜಾ ಆದರೂ ಮೊಟ್ಟೆ ಇಲ್ಲದ್ದು, ಕಿವಿಯ ಆಕಾರದ ಪುಟ್ಟ ಪಾಸ್ತಾ. ಪ್ರಶ್ನೆ: ‘ಲಾ ಪಾಸ್ತಾ ಎ ಅಲ್ಲ್ವೋವೊ?’ ಹೌದು ಅಂದರೆ ‘ಪಾಸ್ತಾ ಸೆಕ್ಕಾ’, ಒಣ ಪಾಸ್ತಾ ಕೊಡಿ ಅನ್ನಿ. ಅದೇ ಸಾಸಿನಲ್ಲಿ ಸ್ಪಗೆತ್ತಿ ಕಲಸಿ ಕೊಡುವುದು ಅವರಿಗೆ ಕಷ್ಟವಲ್ಲ. ಬೊಲೋನ್ಯಾದಲ್ಲಿ ಈ ಎರಡು ಪದ ನನಗೆ ಗೊತ್ತಿದ್ದಿದ್ದರೆ ಅಮ್ಮನ ಊಟ ಕೆಡುತ್ತಿರಲಿಲ್ಲ.

ಇಲ್ಲೇ ‘ದಿ ಮಾಗ್ರೊ’ ಅನ್ನುವ ಮಾತನ್ನೂ ತಿಳಿದುಕೊಳ್ಳಿ. ಕ್ಯಾಥೊಲಿಕ್ ಉಪವಾಸದ ದಿನಗಳಲ್ಲಿ ಮಾಂಸ ಬಿಡುವ ರೂಢಿಯಿಂದ ಬಂದದ್ದು ಇದು. ‘ರವಿಯೋಲಿ ದಿ ಮಾಗ್ರೊ’ ಅಂದರೆ ಒಳಗಿನ ಹೂರಣ ಸಾಮಾನ್ಯವಾಗಿ ರಿಕೊತ್ತಾ ಚೀಸು ಮತ್ತು ಸೊಪ್ಪು. ಮಾಂಸ ಇರುವುದಿಲ್ಲ. ಆದರೆ ಕಣಕದಲ್ಲಿ ಮೊಟ್ಟೆ ಇರುತ್ತದೆ.

ಸ್ತ್ರುತ್ತೊ ಅಂದರೆ ಕರಗಿಸಿ ಹೆಪ್ಪುಗಟ್ಟಿಸಿದ ಹಂದಿಕೊಬ್ಬು. ರೊಟ್ಟಿಯ ಹಾಗಿರುವ ಪ್ಯದೀನಾ ರೊಮಾನ್ಯೋಲಾ ನೋಡಿ ನಮಗೆ ಮನೆ ನೆನಪಾಗುತ್ತದೆ, ಒಳಗೆ ಬರೀ ಚೀಸು, ಸೊಪ್ಪು ಇಟ್ಟು ಮಡಚಿ ಕೊಡುತ್ತಾರೆ. ಆದರೆ ಹಿಟ್ಟು ಕಲಸುವಾಗಲೇ ಸ್ತ್ರುತ್ತೊ ಸೇರಿಸುವುದು ಅಲ್ಲಿನ ಕ್ರಮ. ಆಲಿವ್ ಎಣ್ಣೆಯಲ್ಲಿ ಕಲಸಿದ್ದೂ ಹಲವು ಕಡೆ ಸಿಗುತ್ತದೆ: ‘ಚೆ ಸ್ತ್ರುತ್ತೊ ನೆಲ್ಲಿಂಪಾಸ್ತೊ?’ ಹಿಟ್ಟಿನಲ್ಲಿ ಹಂದಿಕೊಬ್ಬು ಇದೆಯಾ? ಎಮೀಲ್ಯಾದ ಉಬ್ಬಿದ ಪೂರಿಯಂಥ ನ್ಯೋಕ್ಕೊ ಫ್ರಿತ್ತೊ ಬಗ್ಗೆಯೂ ಇದನ್ನೇ ಕೇಳಿ. ಅದನ್ನು ಹಂದಿಕೊಬ್ಬಿನಲ್ಲೇ ಕರಿಯುವುದು ಹಳೆಯ ಪದ್ಧತಿ.

ಅಚ್ಚೂಗೆ, ಕೆಲವೆಡೆ ಅಲೀಚಿ ಅನ್ನುತ್ತಾರೆ, ಚಿಕ್ಕ ಅಂಚೋವಿ ಮೀನು. ಎಣ್ಣೆಯಲ್ಲಿ ಬಿಸಿಯಾದರೆ ಕರಗಿಹೋಗುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಒರೆಕ್ಯೆತ್ತೆಯನ್ನು ಚೀಮೆ ದಿ ರಾಪಾ ಸೊಪ್ಪಿನೊಂದಿಗೆ ಮಾಡುವಾಗ ಇದನ್ನು ಹಾಕುವುದುಂಟು. ರೋಮಿನ ಪುಂತರೆಲ್ಲೆ ಸಲಾಡಿನ ರುಚಿಯೇ ಇದರದ್ದು. ಹೆಸರು ಕೇಳಿದರೆ ಎರಡೂ ಬರೀ ಸೊಪ್ಪು.

ಬೀನ್ಸ್ ಕಾಳಿನ ಸೂಪುಗಳಲ್ಲಿ ಪಾಂಚೆತ್ತಾ ಅಥವಾ ಹಂದಿಯ ಚರ್ಮ ಹಾಕಿ ಕುದಿಸುವುದಿದೆ. ಮಿನೆಸ್ತ್ರೋನೆ ಅನ್ನುವ ತರಕಾರಿ ಸೂಪನ್ನೂ ಕೇಳಿಯೇ ತಿನ್ನಿ. ಕರಿದ ಆಲೂಗಡ್ಡೆಗೆ ಎಣ್ಣೆ ಯಾವುದು ಅಂತ ವಿಚಾರಿಸಬೇಕಾದರೆ: ‘ಫ್ರಿಜ್ಜೇತೆ ನೆಲ್ಲೊ ಸ್ತೆಸ್ಸೊ ಓಲ್ಯೊ ದೆಲ್ ಪೆಶ್ಶೆ?’ ಮೀನಿನ ಎಣ್ಣೆಯಲ್ಲೇ ಕರಿಯುತ್ತೀರಾ?

ಹೆಸರು ನೋಡಿ ಮೋಸ ಹೋಗಬೇಡಿ

ಅಮೆರಿಕದ ಪಿತ್ಸಾ ಅಂಗಡಿಗಳಿಂದ ನಮಗೆ ‘ಪೆಪ್ಪರೋನಿ’ ಅಂದರೆ ಮಾಂಸ ಅಂತ ಗೊತ್ತು. ಇಟಲಿಯಲ್ಲಿ ‘ಪೆಪೆರೋನಿ’ ಅಂದರೆ ದೊಣ್ಣೆಮೆಣಸಿನಕಾಯಿ, ಧೈರ್ಯವಾಗಿ ತಿನ್ನಿ. ಖಾರದ ಮಾಂಸ ಇರುವುದು ‘ದ್ಯಾವೊಲಾ’ ಪಿತ್ಸಾದಲ್ಲಿ. ‘ಮರಿನಾರಾ’ ಪಿತ್ಸಾದ ಹೆಸರಲ್ಲಿ ಸಮುದ್ರ ಇದೆ, ತಟ್ಟೆಯಲ್ಲಿ ಮೀನಿಲ್ಲ. ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ, ಆಲಿವ್ ಎಣ್ಣೆ ಅಷ್ಟೇ, ಚೀಸು ಕೂಡ ಇಲ್ಲ. ವೇಗನ್ ಆದವರಿಗೆ ಎಲ್ಲ ಊರಲ್ಲೂ ಸಿಗುವ ಊಟ ಅದು. ಆದರೆ ‘ನಾಪೊಲಿ’ ಅಂತ ಇರುವ ಪಿತ್ಸಾದಲ್ಲಿ ಅಂಚೋವಿ ಇರುತ್ತದೆ. ತರಕಾರಿಯದು ಬೇಕಾದರೆ ‘ಒರ್ತೊಲಾನಾ’ ಅಥವಾ ‘ವೆರ್ದೂರೆ’ ಹುಡುಕಿ.

‘ಬುರ್ರೊ’ ಅಂದರೆ ಬೆಣ್ಣೆ. ‘ಲತ್ತೆ’ ಅಂತ ಕೇಳಿದರೆ ಕಾಫಿ ಬರುವುದಿಲ್ಲ, ಬರೀ ಹಾಲು ಬರುತ್ತದೆ.

ದನದ ಮಾಂಸ ಮಾತ್ರ ಬೇಡ, ಅಥವಾ ಹಂದಿ ಮಾತ್ರ ಬೇಡ ಅನ್ನುವವರೂ ನಮ್ಮಲ್ಲಿ ಬಹಳ. ಅವರಿಗೆ: ‘ನೋನ್ ಮಾಂಜೊ ನೆ ಮಾಂದ್ಜೊ, ನೆ ವಿತೆಲ್ಲೊ, ನೆ ಮಯಾಲೆ.’ ಮಾಂಜೊ, ಮಾಂದ್ಜೊ ಕೇಳಲು ಒಂದೇ ಥರ, ಆದ್ದರಿಂದ ಹೇಳುವಾಗ ಎರಡನ್ನೂ ಬೇರೆ ಮಾಡಿ ಹೇಳಿ. ಮೊದಲನೆಯದು ‘ತಿನ್ನುತ್ತೇನೆ’, ಎರಡನೆಯದು ದನದ ಮಾಂಸ. ವಿತೆಲ್ಲೊ ಅಂದರೆ ಕರುವಿನದು, ಮಯಾಲೆ ಅಂದರೆ ಹಂದಿ. ವಿತೆಲ್ಲೊ ಹೆಸರು ಹೇಳದಿದ್ದರೆ ಮಿಲಾನಿನ ಕೊತೊಲೆತ್ತಾ, ಒಸ್ಸೊಬೂಕೊ ಎರಡೂ ನುಸುಳಿಬಿಡುತ್ತವೆ. ಬ್ರೆಜಾವೊಲಾ ಒಣಗಿಸಿದ ದನದ ಮಾಂಸ. ಬೊಲೋನ್ಯಾದ ರಗೂನಲ್ಲಿ ದನ, ಹಂದಿ ಎರಡೂ ಸೇರಿರುತ್ತವೆ. ಹಲಾಲ್ ಬೇಕಾದವರು ‘ಮಾಂಜೊ ಸೋಲೊ ಕಾರ್ನೆ ಹಲಾಲ್’ ಅನ್ನಬೇಕು, ಅವರ ಬಾಯಲ್ಲಿ ಅದು ‘ಅಲಾಲ್’ ಆಗುತ್ತದೆ.

ಈರುಳ್ಳಿ ಬೆಳ್ಳುಳ್ಳಿ ಬಿಟ್ಟವರಿಗೆ

ಕಷ್ಟ ಇದೆ, ಆದರೆ ದಾರಿಯೂ ಇದೆ. ಇಟಲಿಯ ಬಹಳಷ್ಟು ಅಡುಗೆ ‘ಸೊಫ್ರಿತ್ತೊ’ದಿಂದ ಶುರು. ಈರುಳ್ಳಿ, ಕ್ಯಾರೆಟ್, ಸೆಲರಿ ಸಣ್ಣಗೆ ಹೆಚ್ಚಿ ಎಣ್ಣೆಯಲ್ಲಿ ಬಾಡಿಸುವುದು. ಹೀಗಾಗಿ ಸೂಪು, ಬೇಯಿಸಿಟ್ಟ ಸಾಸುಗಳ ಕಡೆ ಹೋಗಲೇಬೇಡಿ.

‘ಸೆಂತ್ಸಾ ಆಲ್ಯೊ ಎ ಸೆಂತ್ಸಾ ಚಿಪೊಲ್ಲಾ’ ಅಂದರೆ ಬೆಳ್ಳುಳ್ಳಿ, ಈರುಳ್ಳಿ ಇಲ್ಲದೆ. ಇಲ್ಲೊಂದು ಸೂಕ್ಷ್ಮ ಇದೆ. ಹಲವು ಅಡುಗೆಯವರು ಇಡೀ ಬೆಳ್ಳುಳ್ಳಿ ಎಸಳನ್ನು ಎಣ್ಣೆಯಲ್ಲಿ ಬಿಟ್ಟು, ಪರಿಮಳ ಬಂದ ಮೇಲೆ ತೆಗೆದುಹಾಕುತ್ತಾರೆ. ಅವರ ಲೆಕ್ಕದಲ್ಲಿ ತಟ್ಟೆಯಲ್ಲಿ ಬೆಳ್ಳುಳ್ಳಿ ಇಲ್ಲ! ಹಾಗಾಗಿ ಇನ್ನೊಂದು ಮಾತು ಸೇರಿಸಿ: ‘ನ್ಯಾಂಕೆ ನೆಲ್ಲೋಲ್ಯೊ’, ಎಣ್ಣೆಯಲ್ಲೂ ಬೇಡ.

ಧೈರ್ಯವಾಗಿ ಕೇಳಬಹುದಾದವು ಕೆಲವು ಇವೆ. ಬುರ್ರೊ ಎ ಸಾಲ್ವ್ಯಾ, ಬೆಣ್ಣೆ ಮತ್ತು ಸೇಜ್ ಎಲೆಯ ಪಾಸ್ತಾ. ಕಾಚೊ ಎ ಪೇಪೆ, ಪೆಕೊರೀನೊ ಚೀಸು ಮತ್ತು ಕಾಳುಮೆಣಸು. ಟೊಮೆಟೊ, ಚೀಸಿನ ಕಪ್ರೇಜೆ ಸಲಾಡ್. ನಾಪೊಲಿ ಕ್ರಮದ ಮಾರ್ಗೆರೀತಾ ಪಿತ್ಸಾಗೆ ಹಸಿ ಟೊಮೆಟೊವನ್ನು ಕಿವುಚಿ ಉಪ್ಪು ಹಾಕಿ ಹರಡುತ್ತಾರೆ, ಈರುಳ್ಳಿ ಬೆಳ್ಳುಳ್ಳಿ ಬೀಳುವುದಿಲ್ಲ. ಹೊಟ್ಟೆ ಸರಿಯಿಲ್ಲದ ದಿನ ಅವರು ತಿನ್ನುವುದು ‘ಪಾಸ್ತಾ ಇನ್ ಬ್ಯಾಂಕೊ’, ಬರೀ ಬೆಣ್ಣೆ ಅಥವಾ ಎಣ್ಣೆ, ಮೇಲೆ ಸ್ವಲ್ಪ ಚೀಸು. ನಮ್ಮ ಮೊಸರನ್ನದ ಹಾಗೆ ಅದು. ಮೆನುವಿನಲ್ಲಿ ಇರುವುದಿಲ್ಲ, ಕೇಳಿದರೆ ಮಾಡಿಕೊಡುತ್ತಾರೆ. ಮಕ್ಕಳಿಗೂ ಒಳ್ಳೆಯದು.

ನೆಲದಡಿ ಬೆಳೆಯುವುದನ್ನೂ ಬಿಟ್ಟ ಜೈನರು ‘ಜೈನ’ ಅಂತ ವಿವರಿಸಲು ಹೋಗದೆ ಇದನ್ನು ಹೇಳಿ: ‘ನೋನ್ ಮಾಂಜೊ ನ್ಯೆಂತೆ ಕೆ ಕ್ರೆಶ್ಶೆ ಸೊತ್ತೊ ತೆರ್ರಾ.’ ನೆಲದ ಕೆಳಗೆ ಬೆಳೆಯುವ ಯಾವುದನ್ನೂ ತಿನ್ನುವುದಿಲ್ಲ. ಅದರ ಹಿಂದೆಯೇ ಪತಾತೆ, ಕರೋತೆ, ಚಿಪೊಲ್ಲೆ, ಆಲ್ಯೊ ಅಂತ ಎಣಿಸಿ. ಆಲೂಗಡ್ಡೆಯಿಂದ ಮಾಡುವ ನ್ಯೋಕ್ಕಿಯ ಹೆಸರನ್ನೂ ಸೇರಿಸಿ.

ಅಲರ್ಜಿ ಇದ್ದರೆ

ಇಲ್ಲಿ ಸಂಕೋಚಕ್ಕೆ ಜಾಗ ಇಲ್ಲ. ಯುರೋಪಿನ 1169/2011 ನಿಯಮದ ಪ್ರಕಾರ 2014ರ ಡಿಸೆಂಬರಿನಿಂದ ಹೋಟೆಲುಗಳೂ 14 ಅಲರ್ಜಿ ಪದಾರ್ಥಗಳ ಮಾಹಿತಿ ಕೊಡಲೇಬೇಕು. ಗ್ಲುಟೆನ್ ಇರುವ ಧಾನ್ಯಗಳು, ಸಿಗಡಿ ಜಾತಿಯವು, ಮೊಟ್ಟೆ, ಮೀನು, ಕಡಲೆಕಾಯಿ, ಸೋಯಾ, ಹಾಲು, ಗೋಡಂಬಿ ಬಾದಾಮಿಯಂಥ ಬೀಜಗಳು, ಸೆಲರಿ, ಸಾಸಿವೆ, ಎಳ್ಳು, ಸಲ್ಫೈಟುಗಳು, ಲೂಪಿನ್ ಕಾಳು, ಮೃದ್ವಂಗಿಗಳು. ಮೆನುವಿನಲ್ಲಿ ತಿಂಡಿಯ ಹೆಸರಿನ ಪಕ್ಕ ಸಣ್ಣ ಅಂಕಿಗಳು ಇದ್ದರೆ ಅವು ಇವೇ. ಯಾವ ಅಂಕಿ ಯಾವುದಕ್ಕೆ ಅನ್ನುವುದನ್ನು ಅದೇ ಮೆನುವಿನ ಕೊನೆಯಲ್ಲಿ ನೋಡಿ. ಕಾಣದಿದ್ದರೆ: ‘ಪೊಸ್ಸೊ ವೆದೇರೆ ಲಾ ಲಿಸ್ತಾ ದೆಲ್ಯಿ ಅಲ್ಲೆರ್ಜೇನಿ?’

ಮೊಟ್ಟೆ ತಿನ್ನದವರಿಗೂ ಈ ಪಟ್ಟಿ ವರದಾನ, ಮೊಟ್ಟೆ ಅದರಲ್ಲಿದೆ. ಆದರೆ ಮಾಂಸ, ಹಂದಿಕೊಬ್ಬು, ಈರುಳ್ಳಿ, ಬೆಳ್ಳುಳ್ಳಿ ಆ 14ರಲ್ಲಿ ಇಲ್ಲ. ಅಂಕಿ ಇಲ್ಲ ಅಂದಮಾತ್ರಕ್ಕೆ ಸಸ್ಯಾಹಾರ ಅಂತ ತಿಳಿಯಬೇಡಿ.

ಹೇಳುವ ಕ್ರಮ: ‘ಸೊನೊ ಅಲ್ಲೆರ್ಜಿಕಾ ಅಲ್ಲೆ ಅರಾಕಿದಿ’, ನನಗೆ ಕಡಲೆಕಾಯಿ ಅಲರ್ಜಿ. ಗಂಡಸರು ಅಲ್ಲೆರ್ಜಿಕೊ ಅನ್ನಬೇಕು. ಬೀಜಗಳಿಗೆಲ್ಲ ಒಟ್ಟಾಗಿ ‘ಅಲ್ಲಾ ಫ್ರುತ್ತಾ ಆ ಗುಶ್ಶೊ’. ಪೆಸ್ತೊದಲ್ಲಿ ಪೈನ್ ಬೀಜ ಇರುತ್ತದೆ, ಕೆಲವೆಡೆ ಗೋಡಂಬಿಯೂ. ಜೊತೆಗೆ ‘ಎ ಗ್ರಾವೆ’ ಅಂತ ಸೇರಿಸಿ, ಇದು ಗಂಭೀರ. ನಿಮ್ಮ ಔಷಧಿ, ಇಂಜೆಕ್ಷನ್ ರೂಮಿನಲ್ಲಿ ಬಿಡದೆ ಜೊತೆಗೇ ಇರಲಿ. ತುರ್ತು ಸಂಖ್ಯೆ 112.

ಇಷ್ಟವಿಲ್ಲದ್ದನ್ನು ತಪ್ಪಿಸಿಕೊಳ್ಳಲು ಅಲರ್ಜಿ ಅಂತ ಸುಳ್ಳು ಹೇಳಬೇಡಿ. ನಂಬಿಕೆಗಾಗಿ ಬಿಟ್ಟಿದ್ದೇವೆ ಅನ್ನಿ: ‘ಪೆರ್ ಮೊತೀವಿ ರೆಲಿಜೋಜಿ’, ಧಾರ್ಮಿಕ ಕಾರಣಕ್ಕೆ. ಈ ಮಾತಿಗೆ ಅಲ್ಲಿ ಮರ್ಯಾದೆ ಇದೆ. ಅಲರ್ಜಿ ಅನ್ನುವ ಮಾತು ಜೀವ ಉಳಿಸಬೇಕಾದವರಿಗೆ ಬೇಕು, ಅದರ ಬೆಲೆ ನಾವು ಕಳೆಯಬಾರದು.

ಸೀಲಿಯಾಕ್, ಅಂದರೆ ಗೋಧಿಯಂಥ ಧಾನ್ಯದ ಗ್ಲುಟೆನ್ ಆಗದ ಕಾಯಿಲೆ, ಇರುವವರಿಗೆ ಇಟಲಿ ನಿಜಕ್ಕೂ ಒಳ್ಳೆಯ ದೇಶ. ಪಾಸ್ತಾದ ನಾಡಲ್ಲಿ ಹೇಗಪ್ಪಾ ಅಂತ ಹೆದರಬೇಡಿ. 1979ರಲ್ಲಿ ಶುರುವಾದ ಇಟಲಿಯ ಸೀಲಿಯಾಕ್ ಸಂಘ ಹೋಟೆಲಿನವರಿಗೆ ತರಬೇತಿ ಕೊಟ್ಟು ತನ್ನ ಪಟ್ಟಿಗೆ ಸೇರಿಸಿಕೊಳ್ಳುತ್ತದೆ. 2005ರ ಕಾನೂನು ಈ ಕಾಯಿಲೆಯನ್ನು ಸಾಮಾಜಿಕ ಕಾಯಿಲೆ ಅಂತ ಒಪ್ಪಿದೆ. ‘ಸೊನೊ ಚೆಲೀಯಾಕಾ’ ಅಥವಾ ‘ಚೆಲೀಯಾಕೊ’ ಅಂದರೆ ಬಹಳ ಜನಕ್ಕೆ ತಕ್ಷಣ ಅರ್ಥವಾಗುತ್ತದೆ. ಗ್ಲುಟೆನ್ ಇಲ್ಲದ್ದು ‘ಸೆಂತ್ಸಾ ಗ್ಲೂತಿನೆ’. ಪಾತ್ರೆ, ನೀರು ಬೇರೆಯೇ ಇದೆಯಾ ಅಂತ ತಿಳಿಯಲು ‘ಚೆ ಕೊಂತಮಿನತ್ಸ್ಯೋನೆ?’ ಅಂತ ಕೇಳಿ. ಹಾಲಿನ ಸಕ್ಕರೆ ಆಗದವರು ‘ಸೊನೊ ಇಂತೊಲ್ಲೆರಾಂತೆ ಅಲ್ ಲತ್ತೋಜ್ಯೊ’ ಅನ್ನಬೇಕು.

ಸಿಹಿ ತಿನ್ನುವಾಗ

ತಿರಮಿಸೂನಲ್ಲಿ ಹಸಿ ಮೊಟ್ಟೆ ಇರುತ್ತದೆ, ಒಳಗಿನ ಬಿಸ್ಕತ್ತಿನಲ್ಲೂ ಮೊಟ್ಟೆ. ಪಾನ್ನಾ ಕೊತ್ತಾ ನೋಡಲು ಬರೀ ಹಾಲಿನ ಕೆನೆ. ಅದು ಗಟ್ಟಿಯಾಗುವುದು ‘ಕೊಲ್ಲಾ ದಿ ಪೆಶ್ಶೆ’ಯಿಂದ. ಪದಶಃ ಮೀನಿನ ಅಂಟು. ಹಿಂದೆ ಮೀನಿನಿಂದ ಮಾಡುತ್ತಿದ್ದರು, ಹೆಸರು ಉಳಿದಿದೆ. ಈಗ ಅದು ಹೆಚ್ಚಾಗಿ ಹಂದಿಯ ಜೆಲಾಟಿನ್. ಜೆಲಾತೊ ಅಂಗಡಿಯಲ್ಲಿ ‘ಕ್ರೇಮಾ’ ಅಂತ ಇರುವುದರಲ್ಲಿ ಮೊಟ್ಟೆಯ ಹಳದಿ ಇರುತ್ತದೆ. ‘ಫ್ಯೋರ್ ದಿ ಲತ್ತೆ’ಯಲ್ಲಿ ಸಾಮಾನ್ಯವಾಗಿ ಹಾಲು, ಕೆನೆ, ಸಕ್ಕರೆ. ಹಣ್ಣಿನ ‘ಸೊರ್ಬೆತ್ತೊ’ ನೀರಿನಲ್ಲಿ ಮಾಡಿದ್ದು. ಕೋನ್ ಬೇಡ, ‘ಕೊಪ್ಪೆತ್ತಾ’, ಕಪ್ಪಿನಲ್ಲಿ ಕೇಳಿ, ಕೋನಿನೊಳಗೆ ಏನಿದೆ ಅನ್ನುವ ತಲೆನೋವು ತಪ್ಪುತ್ತದೆ.

ಹುಡುಕಿಕೊಂಡು ಹೋಗಿ ತಿನ್ನುವಂಥವು

ಬೇಡದ್ದರ ಮಾತೇ ಜಾಸ್ತಿಯಾಯಿತು. ಇಟಲಿಯ ಬಡವರ ಅಡುಗೆ ಕಾಳು, ಸೊಪ್ಪು, ಹಳೆಯ ಬ್ರೆಡ್ಡಿನ ಮೇಲೆ ನಿಂತದ್ದು. ಅದರಲ್ಲಿ ನಮಗೆ ಬೇಕಾದಷ್ಟಿದೆ. ಕತಾನ್ಯಾದಲ್ಲಿ ಬದನೆಕಾಯಿಯ ಪಾಸ್ತಾ ಅಲ್ಲಾ ನೋರ್ಮಾ. ಪಲೆರ್ಮೊದಲ್ಲಿ ಹುಳಿಸಿಹಿಯ ಕಪೊನಾತಾ, ನಮ್ಮ ಗೊಜ್ಜಿನ ದೂರದ ನೆಂಟ, ಮತ್ತು ಕಡಲೆಹಿಟ್ಟನ್ನು ಕಾಸಿ ಹರಡಿ ಕತ್ತರಿಸಿ ಕರಿದ ಪನೆಲ್ಲೆ. ಫ್ಲೊರೆನ್ಸಿನ ಕಡೆ ಟೊಮೆಟೊ, ಬ್ರೆಡ್ಡಿನ ಪಾಪ್ಪಾ ಅಲ್ ಪೊಮೊದೋರೊ. ರೋಮಿನಲ್ಲಿ ಮೆಣಸಿನಕಾಯಿ ಹಾಕಿ ಬಾಡಿಸಿದ ಚಿಕೋರ್ಯಾ ಸೊಪ್ಪು. ಮೆನುವಿನಲ್ಲಿ ‘ಕೊಂತೋರ್ನಿ’ ಅನ್ನುವ ಭಾಗವನ್ನು ತಪ್ಪದೆ ಓದಿ. ಪಕ್ಕಕ್ಕೆ ಕೊಡುವ ತರಕಾರಿಗಳ ಪಟ್ಟಿ ಅದು. ಮೂರು ಕೊಂತೋರ್ನಿ, ಒಂದು ಬುಟ್ಟಿ ಬ್ರೆಡ್ಡು, ಊಟ ಆಯಿತು. ಯಾರೂ ತಪ್ಪು ತಿಳಿಯುವುದಿಲ್ಲ.

ಅಮ್ಮನಿಗೆ ಹಿಡಿಸಿದ್ದು ಜೇನೊವಾದ ಫರಿನಾತಾ. ಕಡಲೆಹಿಟ್ಟು, ನೀರು, ಉಪ್ಪು, ಆಲಿವ್ ಎಣ್ಣೆ. ಎತ್ತಿನಗಾಡಿಯ ಚಕ್ರದಷ್ಟು ಅಗಲದ ತಾಮ್ರದ ತಟ್ಟೆಯಲ್ಲಿ ಹುಯ್ದು, ಸೌದೆ ಒಲೆಯೊಳಗೆ ತಳ್ಳುತ್ತಾರೆ. ಅಂಚು ಗರಿಗರಿ, ನಡುವೆ ಮೆತ್ತಗೆ. ಕಾಗದದಲ್ಲಿ ಸುತ್ತಿ ಕೈಗೆ ಕೊಟ್ಟರು. ಅಮ್ಮ ಮೊದಲು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಅಂಗಡಿಯ ಮುಂದೆಯೇ ನಿಂತು ತಿಂದರು. ‘ಇನ್ನೊಂದು ತಗೋ’ ಅಂದರು. ಕೆಲವು ಅಂಗಡಿಗಳಲ್ಲಿ ಇದರ ಮೇಲೆ ಈರುಳ್ಳಿಯನ್ನೋ ಮಾಂಸವನ್ನೋ ಹರಡಿರುತ್ತಾರೆ. ‘ಸೆಂಪ್ಲಿಚೆ, ಪೆರ್ ಫವೋರೆ’ ಅನ್ನಿ, ಏನೂ ಹಾಕದ್ದು ಕೊಡುತ್ತಾರೆ. ಬಿಸಿ ಇರುವಾಗಲೇ ತಿನ್ನಿ.